ಮೂರು ನೂರಾಗಿ ಕೇಳಿಸಿದ ದಿನದಿಂದ

ಎಂಟನೇ ತರಗತಿಗೆ ಬೀಜಗಣಿತ ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದು, ಎಕ್ಸ್ ಬೆಲೆ ಎಷ್ಟು ಅಂತ ಕೇಳಿದೆ. ಕೊನೆ ಬೆಂಚಿನ ಹುಡುಗಿ ಎದ್ದು ಉತ್ತರ ಹೇಳಿದಳು. ನನಗೆ "ನೂರು" ಅಂತ ಕೇಳಿಸಿತು. "ಇಲ್ಲ, ತಪ್ಪು. ಇನ್ನೊಂದ್ಸಲ ಮಾಡಿ ನೋಡು" ಅಂದೆ. ಅವಳು ಏನೂ ಹೇಳದೆ ಕೂತಳು. ಪಕ್ಕದವಳು ಅವಳ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ.

ಸಂಜೆ ನೋಟ್‌ಬುಕ್ ತಿದ್ದುವಾಗ ಅವಳ ಪುಟ ಸಿಕ್ಕಿತು. ಒಂದೊಂದು ಹಂತವೂ ಸರಿಯಾಗಿತ್ತು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು ಉತ್ತರ ಬರೆದಿದ್ದಳು. 3. ಅವಳು ಹೇಳಿದ್ದು "ಮೂರು".

ಮರುದಿನ ಎಲ್ಲರ ಎದುರಿಗೇ ಹೇಳಿದೆ, ನಿನ್ನೆ ಅವಳ ಉತ್ತರ ಸರಿ ಇತ್ತು, ನನಗೇ ಸರಿಯಾಗಿ ಕೇಳಿಸಲಿಲ್ಲ ಅಂತ. ಅವಳು ತಲೆ ಆಡಿಸಿದಳು. ಆದರೆ ಆಮೇಲೆ ಎಷ್ಟೋ ವಾರ ಕೈ ಎತ್ತಲಿಲ್ಲ. ಕಿವಿ ತೋರಿಸಿಕೊಳ್ಳಲೇಬೇಕು ಅಂತ ಮನಸ್ಸು ಗಟ್ಟಿ ಮಾಡಿದ್ದು ಆಗ. ಆಗ ನನಗೆ 51 ವರ್ಷ.

ಸೂಚನೆಗಳು ಐದಾರು ವರ್ಷದಿಂದ ಇದ್ದವು. ಟಿವಿ ಸೌಂಡು ಜಾಸ್ತಿ ಆಯಿತು ಅಂತ ಮನೆಯವರು ರಿಮೋಟ್ ಎತ್ತಿಕೊಳ್ಳುತ್ತಿದ್ದರು. ಫೋನಿನಲ್ಲಿ ಗಂಡಸರ ದನಿ ಚೆನ್ನಾಗಿ ತಿಳಿಯುತ್ತಿತ್ತು, ಮಕ್ಕಳದ್ದು ತಿಳಿಯುತ್ತಿರಲಿಲ್ಲ. ನಾಲ್ಕು ಜನ ಕೂತು ಮಾತಾಡುವಾಗ ಎಲ್ಲರೂ ನಕ್ಕರೆ ನಾನೂ ನಗುತ್ತಿದ್ದೆ. ಯಾರಾದರೂ ಕೇಳಿದರೆ "ನನಗೆ ಕೇಳುತ್ತೆ, ನೀವು ಬಿಡಿಸಿ ಮಾತಾಡಲ್ಲ ಅಷ್ಟೇ" ಅನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ. ದನಿ ಕೇಳುತ್ತಿತ್ತು, ಮಾತು ಬಿಡಿಸಿ ತಿಳಿಯುತ್ತಿರಲಿಲ್ಲ.

ಇಷ್ಟು ತಡ ಮಾಡಿದ್ದಕ್ಕೆ ಇನ್ನೊಂದು ಕಾರಣ ಅಮ್ಮ. ಅವಳಿಗೂ ಕಿವಿ ಮಂದ ಇತ್ತು. ಎದೆಯ ಮೇಲೆ ಒಂದು ಪುಟ್ಟ ಡಬ್ಬಿ, ಅದರಿಂದ ಕಿವಿಗೆ ವೈರು. ಹಾಕಿಕೊಂಡರೆ ಬಾಗಿಲು ತೆಗೆದ ಸದ್ದಿಗೂ ಬೆಚ್ಚಿ ಬೀಳುತ್ತಿದ್ದಳು. ಕೊನೆಗೆ ಡಬ್ಬಿ ಬೀರು ಸೇರಿತು. ಅಮ್ಮ ಮೂಲೆ ಸೇರಿದಳು. "ಅವರಿಗೆ ಈಗ ನೆನಪು ಅಷ್ಟಿಲ್ಲ" ಅಂತ ಬಂದವರು ಅವಳ ಎದುರಿಗೇ ಹೇಳುತ್ತಿದ್ದರು. ಅವಳಿಗೆ ನೆನಪು ಚೆನ್ನಾಗಿಯೇ ಇತ್ತು. ಪ್ರಶ್ನೆ ಕೇಳಿಸುತ್ತಿರಲಿಲ್ಲ. ಆ ಡಬ್ಬಿಯ ನೆನಪಿನಿಂದ ನನಗೆ ಕಿವಿ ಮಿಷನ್ ಅಂದರೆ ಭಯ.

ಹಾಗಾಗಿ ಮೊದಲು ಅಡ್ಡದಾರಿ ಹಿಡಿದೆ. ಫೋನಿನಲ್ಲೇ ಒಂದು ಕಿವಿ ಪರೀಕ್ಷೆ ಮಾಡಿಕೊಂಡು, ಆನ್‌ಲೈನ್‌ನಲ್ಲಿ ಒಂದು ಸಾಧನ ತರಿಸಿದೆ. ಶ್ರವಣ ಸಾಧನ ಅಂತಲೇ ಜಾಹೀರಾತು ಇತ್ತು. ಬಂದದ್ದು ಬರೀ ಸದ್ದು ಹೆಚ್ಚಿಸುವ ಯಂತ್ರ. ನನಗೆ ದಪ್ಪ ದನಿಗಳು ಮೊದಲೇ ಚೆನ್ನಾಗಿ ಕೇಳುತ್ತವೆ. ಅದು ಅವನ್ನೂ ಅಷ್ಟೇ ಎತ್ತರಿಸಿತು. ಸ್ಟಾಫ್ ರೂಮಿನಲ್ಲಿ ಯಾರೋ ಕುರ್ಚಿ ಎಳೆದಾಗ ತಲೆಯೊಳಗೆ ಸಿಡಿದಂತಾಯಿತು. ವಾಪಸ್ ಕೊಡೋಣ ಅಂದರೆ, ಕಿವಿಗೆ ಹಾಕಿದ ವಸ್ತು ಅಂತ ತೆಗೆದುಕೊಳ್ಳಲಿಲ್ಲ. ಸರಿಯಾದ ಪರೀಕ್ಷೆ ಇಲ್ಲದೆ ಕೊಂಡದ್ದು ನನ್ನ ತಪ್ಪು. ಆದರೆ ಅದನ್ನು ಶ್ರವಣ ಸಾಧನ ಅಂತ ಮಾರಿದ್ದು ಅವರ ತಪ್ಪು, ಅದನ್ನೂ ಹೇಳಲೇಬೇಕು.

ಆಮೇಲೆ ಆಡಿಯಾಲಜಿಸ್ಟ್, ಅಂದರೆ ಕೇಳುವ ಶಕ್ತಿ ಅಳೆಯುವ ತಜ್ಞರ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನ ಹುಡುಗಿ. ಮೊದಲು ಕಿವಿಯೊಳಗೆ ಲೈಟ್ ಬಿಟ್ಟು ಮೇಣ ಇದೆಯಾ, ಪರದೆ ಸರಿ ಇದೆಯಾ ನೋಡಿದರು. ಸಣ್ಣ ಬಿರಡೆಯಂಥದ್ದು ಇಟ್ಟು ಒತ್ತಡ ಬದಲಿಸಿ, ಪರದೆ ಅಲುಗಾಡುವುದನ್ನು ಅಳೆದರು. ಇದೆಲ್ಲ ಐದು ನಿಮಿಷದ ಕೆಲಸ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದರು. "ಎಷ್ಟೇ ಸಣ್ಣಗೆ ಕೇಳಿದರೂ ಬಟನ್ ಒತ್ತಿ ಮೇಡಂ. ಅನುಮಾನ ಬಂದರೂ ಒತ್ತಿ" ಅಂದರು.

250 ಹರ್ಟ್ಜ್‌ನ ದಪ್ಪ ದನಿಯಿಂದ 8000 ಹರ್ಟ್ಜ್‌ನ ತೆಳು ದನಿಯವರೆಗೆ ಒಂದೊಂದಾಗಿ ಬರುತ್ತದೆ. ಪ್ರತಿಯೊಂದನ್ನೂ ಕಡಿಮೆ ಮಾಡುತ್ತಾ ಹೋಗಿ, ಎಲ್ಲಿಗೆ ನಿಲ್ಲುತ್ತದೆ ಅಂತ ಗುರುತು ಹಾಕುತ್ತಾರೆ. ಮೊದಮೊದಲು ಚಕಚಕ ಒತ್ತುತ್ತಿದ್ದೆ. ಆಮೇಲೆ ಸುಮ್ಮನೆ ಕೂರುವ ಹೊತ್ತು ಉದ್ದವಾಯಿತು. ಗಾಜಿನ ಆಚೆ ಆಕೆಯ ಕೈ ಗುಂಡಿ ತಿರುಗಿಸುವುದು ಕಾಣುತ್ತಿತ್ತು, ನನ್ನ ಕಿವಿಯಲ್ಲಿ ಏನೂ ಇರಲಿಲ್ಲ. ಆ ಹೊತ್ತಿನಲ್ಲಿ ನನಗೆ ತುಂಬಾ ದುಃಖವಾಯಿತು. ಅಷ್ಟೆಲ್ಲ ನಡೆಯುತ್ತಿದೆ, ನನಗೆ ಗೊತ್ತೇ ಆಗುತ್ತಿಲ್ಲವಲ್ಲ ಅಂತ.

ಆಡಿಯೋಗ್ರಾಮ್ ಕೈಗೆ ಬಂದಾಗ ನಾನು ಅದನ್ನು ಗಣಿತದ ಟೀಚರ್ ಆಗಿಯೇ ನೋಡಿದೆ. ಅಡ್ಡಕ್ಕೆ ಹರ್ಟ್ಜ್, ಉದ್ದಕ್ಕೆ ಡೆಸಿಬಲ್, ಅಂದರೆ ನನಗೆ ಕೇಳುವ ಅತಿ ಸಣ್ಣ ಸದ್ದಿನ ಮಟ್ಟ. ಸೊನ್ನೆ ಮೇಲುಗಡೆ, ಅಂಕಿ ಹೆಚ್ಚಿದ ಹಾಗೆ ಕೆಳಗೆ. ಗೆರೆ ಎಡದಿಂದ ಬಲಕ್ಕೆ ಬೆಟ್ಟ ಇಳಿದ ಹಾಗೆ ಇಳಿದಿತ್ತು. 500 ಹರ್ಟ್ಜ್‌ನಲ್ಲಿ 20 ಡೆಸಿಬಲ್, 1000ದಲ್ಲಿ 30, 2000ದಲ್ಲಿ 50, 4000ದಲ್ಲಿ 60. ನಾಲ್ಕರ ಸರಾಸರಿ 40. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 35ರಿಂದ 50ರ ಒಳಗಿದ್ದರೆ ಮಧ್ಯಮ ಮಟ್ಟದ ಶ್ರವಣ ದೋಷ. ಅರವತ್ತು ಅಂದರೆ ಏನು ದೊಡ್ಡದು ಅನ್ನಿಸಬಹುದು. ಆದರೆ ಡೆಸಿಬಲ್ ಲಾಗರಿದಂ ಅಳತೆ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಅರವತ್ತು ಏರಿದರೆ ಹತ್ತು ಲಕ್ಷ ಪಟ್ಟು. ಸೊನ್ನೆ ಅಂದರೆ ಸದ್ದೇ ಇಲ್ಲ ಅಂತಲೂ ಅಲ್ಲ, ಆರೋಗ್ಯವಂತ ಎಳೆಯ ಕಿವಿಗೆ ಕೇಳುವ ಅತಿ ಸಣ್ಣ ಸದ್ದು ಅದು. ಅಂದರೆ ನನ್ನ ವಿದ್ಯಾರ್ಥಿಗಳಿಗೆ ಕೇಳುವ ಒಂದು ತೆಳು ದನಿ ನನಗೂ ಕೇಳಬೇಕಾದರೆ ಅದಕ್ಕೆ ಹತ್ತು ಲಕ್ಷ ಪಟ್ಟು ಶಕ್ತಿ ಬೇಕು. ವರ್ಷಾನುವರ್ಷ ಲಾಗರಿದಂ ಪಾಠ ಮಾಡಿದ್ದೇನೆ. ಅದು ಇಷ್ಟು ಹತ್ತಿರದಿಂದ ನನಗೆ ಅರ್ಥವಾದದ್ದು ಆ ಕಾಗದದಲ್ಲಿ.

ಮೂರು ಯಾಕೆ ನೂರಾಯಿತು ಅಂತ ಆಕೆಯನ್ನೇ ಕೇಳಿದೆ. ಆಕೆ ವಿವರಿಸಿದ್ದು ಹೀಗೆ. ಊ, ಆ, ಓ ಥರದ ಸ್ವರಗಳಿಗೆ ಬಲ ಜಾಸ್ತಿ, ಆ ಬಲ ಹೆಚ್ಚಾಗಿ ದಪ್ಪ ದನಿಯ ಕಡೆ ಇರುತ್ತದೆ. ಮ, ನ ಎರಡರ ಮೂಗಿನ ಗುಂಯ್ ಕೂಡ ದಪ್ಪ ದನಿಯೇ. ಅದು ನನಗೆ ಕೇಳುತ್ತದೆ. ಆದರೆ ಮ ಯಾವುದು, ನ ಯಾವುದು ಅಂತ ಬೇರೆ ಮಾಡುವ ಸುಳಿವು, ಅಲ್ಲಿಂದ ಮುಂದಿನ ಸ್ವರಕ್ಕೆ ಜಾರುವ ಒಂದು ಕ್ಷಣದಲ್ಲಿ ಇರುತ್ತದೆ, ಅದೂ ಮೇಲಿನ ಹರ್ಟ್ಜ್‌ಗಳಲ್ಲಿ. ಆ ಸುಳಿವು ನನಗೆ ತಲುಪುತ್ತಿರಲಿಲ್ಲ. ಸ, ಶ, ಫ ಅಂತೂ ಪೂರ್ತಿ ಮೇಲಿನವೇ. ಪದಗಳನ್ನು ಹೇಳಿಸಿದಾಗ "ಸಾಕು" ಅಂದರೆ ನಾನು "ಹಾಕು" ಅಂದೆನಂತೆ, "ಬೀಸು" ಅಂದರೆ "ಬೀಳು". ಕೇಳದ ಜಾಗವನ್ನು ಮಿದುಳು ತನಗೆ ತೋಚಿದ ಅಕ್ಷರದಿಂದ ತುಂಬುತ್ತದೆ. ತುಂಬಿದ್ದು ನಮಗೆ ಗೊತ್ತಾಗುವುದೇ ಇಲ್ಲ. ತಪ್ಪು ಕೇಳಿದೆ ಅನ್ನುವ ಅನುಮಾನವೂ ಬರಲ್ಲ, ಅದೇ ಕಷ್ಟ.

ಒಂದೊಂದು ಕಿವಿಯ ಒಳಗೆ, ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾದಲ್ಲಿ ಸುಮಾರು 15,000 ಕೂದಲು ಕೋಶಗಳು ಇರುತ್ತವೆ. ತೆಳು ದನಿ ಹಿಡಿಯುವವು ಬಾಗಿಲ ಹತ್ತಿರ, ದಪ್ಪ ದನಿಯವು ಸುರುಳಿಯ ತುದಿಯಲ್ಲಿ. ವಯಸ್ಸಿಗೋ ಸದ್ದಿಗೋ ಮೊದಲು ಹಾಳಾಗುವುದು ಬಾಗಿಲ ಬಳಿಯವೇ. ಹಕ್ಕಿಗಳಲ್ಲಿ ಅವು ಮತ್ತೆ ಹುಟ್ಟುತ್ತವೆ. ನಮ್ಮಲ್ಲಿ ಹುಟ್ಟಲ್ಲ.

ಯಾವ ಸಾಧನ ಅನ್ನುವ ಮಾತು ಬಂದಾಗ ಅಮ್ಮನ ಡಬ್ಬಿಯ ಕಥೆ ಹೇಳಿದೆ. ಆಕೆ ಕಪಾಟಿನಿಂದ ಒಂದು ಹಳೆಯ ಸಾಧನ ತಂದು, ಪಕ್ಕದಲ್ಲಿ ಹೊಸದನ್ನು ಇಟ್ಟರು. ಕಡಲೆಬೀಜದಷ್ಟು ದೊಡ್ಡದು. ವಿದ್ಯುತ್ತಿನಿಂದ ನಡೆಯುವ ಮೊದಲ ಶ್ರವಣ ಸಾಧನ ಬಂದದ್ದು 1898ರಲ್ಲಿ, ಮೇಜಿನ ಮೇಲೆ ಇಡುವಂಥದ್ದು. ಟ್ರಾನ್ಸಿಸ್ಟರ್ ಹುಟ್ಟಿ ಐದೇ ವರ್ಷಕ್ಕೆ, 1952ರಲ್ಲಿ, ಅದು ಶ್ರವಣ ಸಾಧನದೊಳಗೆ ಸೇರಿತು. ಟ್ರಾನ್ಸಿಸ್ಟರ್ ರೇಡಿಯೋಗಿಂತಲೂ ಮೊದಲು! ಪೂರ್ತಿ ಡಿಜಿಟಲ್ ಆದದ್ದು 1996ರ ಹೊತ್ತಿಗೆ. ಆಗಿನಿಂದ ಸಾಧನದ ಒಳಗೇ ಲೆಕ್ಕ ಶುರುವಾಯಿತು. ಯಾವ ಹರ್ಟ್ಜ್‌ಗೆ ಎಷ್ಟು ಎತ್ತರಿಸಬೇಕು, ಸಣ್ಣ ಸದ್ದಿಗೆ ಎಷ್ಟು, ದೊಡ್ಡ ಸದ್ದಿಗೆ ಎಷ್ಟು ಅಂತ. ಸಣ್ಣದನ್ನು ಜಾಸ್ತಿ, ದೊಡ್ಡದನ್ನು ಕಡಿಮೆ ಎತ್ತರಿಸುವುದರಿಂದ ಬಾಗಿಲ ಸದ್ದಿಗೆ ಈಗ ಬೆಚ್ಚಬೇಕಿಲ್ಲ. ಅಮ್ಮನಿಗೆ ಬೇಕಾಗಿದ್ದದ್ದು ಅದೊಂದೇ. 2020ರ ದಶಕದಲ್ಲಿ ಇನ್ನೊಂದು ಹೆಜ್ಜೆ, ಡೀಪ್ ನ್ಯೂರಲ್ ನೆಟ್‌ವರ್ಕ್, ಅಂದರೆ ಮಾದರಿಗಳನ್ನು ನೋಡಿ ಕಲಿಯುವ ಪ್ರೋಗ್ರಾಮ್, ಚಿಪ್‌ನೊಳಗೆ ಬಂದಿದೆ. ಯಾವುದು ಮಾತು, ಯಾವುದು ಗದ್ದಲ ಅಂತ ಅದು ಬೇರೆ ಮಾಡುತ್ತದೆ. ನಾನು ತೆಗೆದುಕೊಂಡದ್ದು ಅಂಥದ್ದೇ.

ಸಾಧನ ಹಾಕಿದ ದಿನ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಕೂದಲೆಳೆಯಂಥ ಸಿಲಿಕೋನ್ ಕೊಳವೆಯನ್ನು ಕಿವಿಯ ಪರದೆಯ ಹತ್ತಿರದವರೆಗೆ ತೂರಿಸಿ, ಅದರ ಪಕ್ಕದಲ್ಲಿ ಸಾಧನ ಇಟ್ಟರು. ಎದುರಿನ ಸ್ಪೀಕರಿನಿಂದ ಮಾತು ಬರತೊಡಗಿತು. ಹೆಂಗಸರ ದನಿ, ಆದರೆ ಒಂದು ಪದವೂ ಅರ್ಥವಾಗಲಿಲ್ಲ. ನನ್ನ ಕಿವಿಯೇ ಪೂರ್ತಿ ಕೆಟ್ಟಿತೇನೋ ಅಂತ ಗಾಬರಿಯಾಯಿತು. "ಅದು ಯಾರಿಗೂ ಅರ್ಥ ಆಗಲ್ಲ ಮೇಡಂ" ಅಂತ ಆಕೆ ಸಮಾಧಾನ ಹೇಳಿದರು. ಇಂಗ್ಲಿಷ್, ಅರೇಬಿಕ್, ಚೀನಿ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಈ ಆರು ಭಾಷೆಯ ಹೆಂಗಸರ ಮಾತನ್ನು ಚೂರುಚೂರು ಮಾಡಿ ಬೆರೆಸಿ ತಯಾರಿಸಿದ ಪರೀಕ್ಷೆಯ ದನಿಯಂತೆ. ಅರ್ಥ ಇಲ್ಲ, ಆದರೆ ಮನುಷ್ಯರ ಮಾತಿನ ಏರಿಳಿತ ಎಲ್ಲ ಇದೆ. ನನ್ನ ಭಾಷೆಯ ಒಂದು ಚೂರೂ ಅದರಲ್ಲಿ ಇಲ್ಲವಲ್ಲ ಅಂತ ಅನ್ನಿಸಿದ್ದು ನಿಜ.

ಕಂಪ್ಯೂಟರಿನಲ್ಲಿ ಎರಡು ಗೆರೆ ಇದ್ದವು. ಒಂದು, ನನ್ನ ಪರದೆಯ ಹತ್ತಿರ ನಿಜವಾಗಿ ಬರುತ್ತಿರುವ ಸದ್ದು. ಇನ್ನೊಂದು, ಸೂತ್ರದ ಪ್ರಕಾರ ಬರಬೇಕಾದದ್ದು. ಎರಡೂ ಕೂಡುವವರೆಗೆ ಆಕೆ ಒಂದೊಂದೇ ಹರ್ಟ್ಜ್ ತಿದ್ದಿದರು. ಆ ಸೂತ್ರ ಆಸ್ಟ್ರೇಲಿಯಾದ ಒಂದು ರಾಷ್ಟ್ರೀಯ ಪ್ರಯೋಗಾಲಯದ್ದು. ಸಾಧನ ಹಾಕುವುದು ಮೊದಲ ಸಲವೇ, ಹೆಣ್ಣೋ ಗಂಡೋ, ಆಡುವ ಭಾಷೆಯಲ್ಲಿ ಚೀನಿಯ ಹಾಗೆ ದನಿಯ ಏರಿಳಿತದಿಂದಲೇ ಅರ್ಥ ಬದಲಾಗುತ್ತದೆಯೇ ಅಂತೆಲ್ಲ ಅದು ಕೇಳುತ್ತದೆ. ಮೊದಲ ಸಲದವರಿಗೆ ಸ್ವಲ್ಪ ಕಡಿಮೆಯಿಂದ ಶುರು ಮಾಡಿಸುತ್ತದೆ. ಅಷ್ಟು ಸೂಕ್ಷ್ಮ ಇದೆ. ಫೋನಿನ ಪರೀಕ್ಷೆ ನಂಬಿ ಡಬ್ಬ ತರಿಸಿದಾಗ ನಾನು ಕಳೆದುಕೊಂಡದ್ದು ಇದೇ ಒಂದು ಗಂಟೆ. ಯಾರಾದರೂ ಸಾಧನ ಹಾಕಿಸಿಕೊಳ್ಳುವುದಿದ್ದರೆ, ಕಿವಿಯೊಳಗೆ ಕೊಳವೆ ಇಟ್ಟು ಅಳೆಯುತ್ತೀರಾ ಅಂತ ತಪ್ಪದೆ ಕೇಳಿ.

"ಈಗ ಆನ್ ಮಾಡ್ತೀನಿ" ಅಂದರು.

ಮೊದಲು ಕೇಳಿದ್ದು ನನ್ನದೇ ದನಿ. ಕೊಡದೊಳಗೆ ಮುಖ ಇಟ್ಟು ಮಾತಾಡಿದ ಹಾಗೆ. ಕಿವಿಯೊಳಗೆ ಕೂರುವ ಮೆತ್ತನೆಯ ಬಿರಡೆ ಬದಲಿಸಿ, ತೂತು ಜಾಸ್ತಿ ಇರುವುದನ್ನು ಹಾಕಿದ ಮೇಲೆ ಸರಿಯಾಯಿತು. ದಪ್ಪ ದನಿಗಳು ತೂತಿನಿಂದ ತಾವಾಗಿಯೇ ಬರುತ್ತವೆ, ತೆಳು ದನಿಗಳನ್ನು ಸಾಧನ ಕೊಡುತ್ತದೆ. ಎದ್ದು ನಡೆದೆ. ಬಟ್ಟೆ ಸರಸರ ಅಂತು. ಅದು ಎಷ್ಟು ವರ್ಷದಿಂದ ನಿಂತಿತ್ತೋ ಗೊತ್ತಿಲ್ಲ. ಆಕೆ ನನ್ನ ಫೈಲಿನ ಹಾಳೆ ತಿರುಗಿಸಿದರು, ಹಾಳೆಗೆ ಅಷ್ಟು ಸದ್ದು ಇದೆಯಾ ಅಂತ ಬೆರಗಾದೆ. ಮರುದಿನ ಬೋರ್ಡಿನ ಮೇಲೆ ಚಾಕ್‌ಪೀಸ್ ಇಟ್ಟಾಗ ಅದರ ಕಿರ್ ಸದ್ದು ಮೈ ಜುಂ ಅನ್ನಿಸಿತು. ಮೊದಲು ಕೆಲಸಕ್ಕೆ ಸೇರಿದ ವರ್ಷದ ಸದ್ದು ಅದು. ಮಕ್ಕಳ ಕಡೆ ಬೆನ್ನು ಮಾಡಿ ಸ್ವಲ್ಪ ಹೊತ್ತು ಹಾಗೇ ನಿಂತೆ.

ಆದರೆ ಎರಡನೇ ವಾರಕ್ಕೆ ತಲೆನೋವು ಶುರುವಾಯಿತು. ಎಲ್ಲವೂ ಒಟ್ಟಿಗೆ ನುಗ್ಗುತ್ತಿತ್ತು. ಫ್ಯಾನು, ಪೆನ್ನಿನ ಮುಚ್ಚಳ, ಪ್ಲಾಸ್ಟಿಕ್ ಕವರು. ಶಾಲೆಯಿಂದ ಬಂದ ಕೂಡಲೇ ಕಳಚಿ ಇಡುತ್ತಿದ್ದೆ. ಮುಂದಿನ ಭೇಟಿಯಲ್ಲಿ "ಚೆನ್ನಾಗಿ ಹಾಕ್ತಿದೀನಿ" ಅಂದೆ. ಆಕೆ ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿ ಮೆತ್ತಗೆ ಹೇಳಿದರು, "ದಿನಕ್ಕೆ ಸರಾಸರಿ 5 ಗಂಟೆ ಅಂತ ತೋರಿಸ್ತಿದೆ ಮೇಡಂ." ಎಷ್ಟು ಹೊತ್ತು ಹಾಕಿದೆ, ಸದ್ದಿರುವ ಜಾಗದಲ್ಲಿ ಎಷ್ಟು, ನಿಶ್ಶಬ್ದದಲ್ಲಿ ಎಷ್ಟು, ಎಲ್ಲ ಅದರಲ್ಲಿ ದಾಖಲಾಗಿತ್ತು. ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಆ ದಾಖಲೆಯಿಂದ ಆಕೆಗೆ ನನ್ನ ತೊಂದರೆ ತಿಳಿಯಿತು, ಅದು ಒಳ್ಳೆಯದೇ. ಆದರೂ ಕಿವಿಯಲ್ಲಿ ಕೂತಿರುವ ವಸ್ತು ನನ್ನ ದಿನದ ಲೆಕ್ಕ ಬರೆದುಕೊಳ್ಳುತ್ತದೆ ಅಂದರೆ ಅದನ್ನು ಮೊದಲ ದಿನವೇ ಹೇಳಬೇಕು ಅಲ್ವಾ? ಮನೆಗೆ ಬಂದು ಫೋನಿನ ಆ್ಯಪ್ ತೆಗೆದು ಒಂದೊಂದು ಅನುಮತಿಯನ್ನೂ ಓದಿದೆ. ನಾನು ಎಲ್ಲಿದ್ದೇನೆ, ಎಷ್ಟು ಹೆಜ್ಜೆ ನಡೆದೆ ಅನ್ನುವುದೂ ಇತ್ತು. ಬೇಡದ್ದನ್ನು ಮುಚ್ಚಿದೆ. ಬಿದ್ದರೆ ಮನೆಯವರಿಗೆ ಸಂದೇಶ ಕಳಿಸುವ ಸಾಧನಗಳೂ ಇವೆ, ವಯಸ್ಸಾದವರಿಗೆ ಅದು ಬೇಕಾಗಬಹುದು. ಬೇಕೋ ಬೇಡವೋ ಅಂತ ಕೇಳಿ ಕೊಟ್ಟರೆ ನನಗೆ ತಕರಾರಿಲ್ಲ.

ತಲೆನೋವಿಗೆ ಆಕೆ ಹೇಳಿದ ಮದ್ದು, ಕಳಚಬೇಡಿ. ವರ್ಷಗಟ್ಟಲೆ ಈ ಸದ್ದುಗಳಿಲ್ಲದೆ ಮಿದುಳು ಒಗ್ಗಿಹೋಗಿದೆ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಅಂತ ಅದು ಮತ್ತೆ ಕಲಿಯಬೇಕು. ದಿನಕ್ಕೆ ಒಂದೊಂದು ಗಂಟೆ ಜಾಸ್ತಿ ಮಾಡಿದೆ. ಮಗಳು ರಾತ್ರಿ ಒಂದು ಪುಟ ಗಟ್ಟಿಯಾಗಿ ಓದುತ್ತಿದ್ದಳು, ನಾನು ಪುಸ್ತಕ ನೋಡದೆ ಕೇಳಿ ಹೇಳುತ್ತಿದ್ದೆ. ಆರನೇ ವಾರದಲ್ಲಿ ಒಂದು ದಿನ ಫ್ಯಾನಿನ ಸದ್ದು ಎಲ್ಲಿ ಹೋಯಿತು ಅಂತ ತಲೆ ಎತ್ತಿ ನೋಡಿದೆ. ತಿರುಗುತ್ತಲೇ ಇತ್ತು.

ಆ ದಿನಗಳಲ್ಲೇ 2023ರ ಒಂದು ಅಧ್ಯಯನದ ಬಗ್ಗೆ ಓದಿದೆ. 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದ್ದರು. ಒಟ್ಟು ಜನರಲ್ಲಿ ಸಾಧನ ಹಾಕಿದವರಿಗೂ ಹಾಕದವರಿಗೂ ನೆನಪು, ಯೋಚನೆಯ ಶಕ್ತಿ ಕುಂದುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ, ಸಾಧನ ಮತ್ತು ಸಲಹೆ ಸಿಕ್ಕವರಿಗೆ ಆ ಕುಸಿತ ಶೇಕಡ 48ರಷ್ಟು ನಿಧಾನವಾಗಿತ್ತು. ಓದುತ್ತಾ ಇದ್ದದ್ದು ಅಮ್ಮನ ಯೋಚನೆಯೇ. ಬೀರುವಿನೊಳಗಿನ ಆ ಡಬ್ಬಿಯನ್ನು ಯಾರಾದರೂ ಒಬ್ಬರು ಕೂತು ಸರಿಮಾಡಿಕೊಟ್ಟಿದ್ದರೆ ಅಂತ.

ಮನೆಯಲ್ಲಿ ಬದಲಾದದ್ದು ಬೇರೆ. ಮನೆಯವರು ಒಳಗಿನ ಕೋಣೆಯಿಂದಲೇ ಮಾತಾಡುವವರು. ಸಾಧನ ಬಂದ ಮೇಲೆ ಇನ್ನು ಎಲ್ಲಿಂದ ಮಾತಾಡಿದರೂ ಕೇಳುತ್ತದೆ ಅಂದುಕೊಂಡಿದ್ದರು. ಕೇಳಲಿಲ್ಲ. ದೂರ ಎರಡು ಪಟ್ಟಾದರೆ ಬಯಲಿನಲ್ಲಿ ಸದ್ದು ಆರು ಡೆಸಿಬಲ್ ಇಳಿಯುತ್ತದೆ, ಗೋಡೆ ಇದ್ದರೆ ಇನ್ನೂ. ಎಂಥ ಚಿಪ್ಪೂ ಅದನ್ನು ಪೂರ್ತಿ ತುಂಬಿಕೊಡಲ್ಲ. "ರೀ, ಎದುರಿಗೆ ಬಂದು ಹೇಳಿ" ಅಂತ ನಾನು ನೂರು ಸಲ ಹೇಳಿರಬಹುದು. ಈಗ ಬರುತ್ತಾರೆ. ಬಂದು, ನಾನು ತಲೆ ಎತ್ತುವವರೆಗೆ ಕಾದು, ಆಮೇಲೆ ಮಾತು ಶುರು ಮಾಡುತ್ತಾರೆ. ಮುಖ ನೋಡಿ ಮಾತಾಡುವುದು ನಮ್ಮಿಬ್ಬರಲ್ಲಿ ಇಷ್ಟು ಕಡಿಮೆಯಾಗಿತ್ತು ಅಂತ ಇಬ್ಬರಿಗೂ ಆಗಲೇ ಗೊತ್ತಾದದ್ದು.

ಸ್ಟಾಫ್ ಮೀಟಿಂಗಿಗೆ ಇನ್ನೊಂದು ಉಪಾಯ ಸಿಕ್ಕಿತು. ಉದ್ದನೆಯ ಮೇಜು, ಹದಿನೈದು ಜನ, ಯಾರು ಮಾತಾಡುತ್ತಿದ್ದಾರೆ ಅಂತ ಹುಡುಕುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಮಗಳು ನನ್ನ ಫೋನಿಗೆ, ಆಡಿದ ಮಾತನ್ನು ಆಗಲೇ ಅಕ್ಷರವಾಗಿ ತೋರಿಸುವ ಆ್ಯಪ್ ಹಾಕಿಕೊಟ್ಟಳು. ಇಂಥದ್ದು 2019ರಿಂದ ಸಾಮಾನ್ಯ ಫೋನುಗಳಲ್ಲಿ ಸಿಗುತ್ತಿದೆ, ಕನ್ನಡದಲ್ಲೂ ಬರೆಯುತ್ತದೆ. ನಿಧಾನವಾಗಿ, ಪುಸ್ತಕದ ಹಾಗೆ ಮಾತಾಡುವವರ ಮಾತು ಚೆನ್ನಾಗಿ ಬರುತ್ತದೆ. ಅರ್ಧ ನುಂಗಿ, ಇಂಗ್ಲಿಷ್ ಬೆರೆಸಿ ಮಾತಾಡುವವರದ್ದು ಎಡವುತ್ತದೆ. ಆದರೂ ಕಿವಿಗೆ ಅರ್ಧ, ಕಣ್ಣಿಗೆ ಅರ್ಧ ಸೇರಿದರೆ ಮಾತು ತುಂಬುತ್ತದೆ. ಮೊದಲ ದಿನ ಫೋನನ್ನು ಮೇಜಿನ ಮಧ್ಯೆ ಇಟ್ಟು, ಇದು ಯಾಕೆ ಅಂತ ಎಲ್ಲರಿಗೂ ಹೇಳಿದೆ. ಹೇಳುವಾಗ ದನಿ ನಡುಗಿತು. ಹೇಳಿದ ಮೇಲೆ ಒಬ್ಬರು ಹಿರಿಯ ಸಹೋದ್ಯೋಗಿ ಎದ್ದು ಬಂದು ನನ್ನ ಪಕ್ಕ ಕೂತು, ಪರದೆ ನೋಡತೊಡಗಿದರು. ಮೀಟಿಂಗ್ ಮುಗಿದ ಮೇಲೆ ಮೆಲ್ಲಗೆ ಕೇಳಿದರು, "ಇದು ಯಾವ ಆ್ಯಪು? ನನಗೂ ಮೂರು ವರ್ಷದಿಂದ ಹೀಗೇ."

ಅಂಥವರು ಎಷ್ಟು ಜನರೋ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಪ್ರಕಾರ 43 ಕೋಟಿ ಜನರಿಗೆ ಕಿವಿಗೆ ನೆರವು ಬೇಕಿದೆ. ಸಾಧನದಿಂದ ಪ್ರಯೋಜನ ಆಗಬಹುದಾದವರಲ್ಲಿ ಅದನ್ನು ಬಳಸುತ್ತಿರುವವರು ನೂರಕ್ಕೆ 17 ಜನ ಮಾತ್ರ. ದುಬಾರಿ ಅನ್ನುವುದು ಒಂದು ಕಾರಣ, ನಾಚಿಕೆ ಇನ್ನೊಂದು. ಅಮೆರಿಕದಲ್ಲಿ 2022ರ ಅಕ್ಟೋಬರಿನಿಂದ, ಕಡಿಮೆ ಮತ್ತು ಮಧ್ಯಮ ದೋಷ ಇರುವ ವಯಸ್ಕರು ಚೀಟಿ ಇಲ್ಲದೆ ಅಂಗಡಿಯಲ್ಲೇ ಸಾಧನ ಕೊಳ್ಳಬಹುದು. 2024ರಲ್ಲಿ ಹಾಡು ಕೇಳುವ ಇಯರ್‌ಬಡ್ ಒಂದಕ್ಕೆ ಶ್ರವಣ ಸಾಧನವಾಗಿ ಕೆಲಸ ಮಾಡುವ ಸಾಫ್ಟ್‌ವೇರ್ ಹಾಕಲು ಅಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲರ ಕಿವಿಯಲ್ಲೂ ಏನೋ ಒಂದು ಇರುವ ಕಾಲದಲ್ಲಿ ನಾಚಿಕೆಯಾದರೂ ಕರಗೀತು ಅಂತ ನನಗೆ ನಿಜವಾದ ಆಸೆ ಇದೆ. ಆದರೆ ಅಳತೆ ಮಾಡುವ ಮನುಷ್ಯರು ಮಾತ್ರ ಮಾಯವಾಗಬಾರದು.

ಇಷ್ಟೆಲ್ಲ ಆದರೂ ಕ್ಲಾಸಿನಲ್ಲಿ ಒಂದು ತೊಂದರೆ ಉಳಿದಿತ್ತು. ಎದುರು ಬದುರು ಚೆನ್ನಾಗಿ ಕೇಳುತ್ತಿತ್ತು. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಹಿಂದಿನಿಂದ ಯಾರಾದರೂ "ಮಿಸ್, ಅದು ಹೇಗೆ ಬಂತು?" ಅಂತ ಕೇಳಿದರೆ ಕೇಳಿಸುತ್ತಲೇ ಇರಲಿಲ್ಲ. ಸಾಧನ ಬರುವುದಕ್ಕೆ ಮುಂಚೆ ಒಂದಿಷ್ಟಾದರೂ ತಿಳಿಯುತ್ತಿತ್ತೇನೋ ಅನ್ನಿಸಿತು. ಕಾರಣ ಹುಡುಕಿದಾಗ ತಿಳಿದದ್ದು ನನ್ನನ್ನು ತುಂಬಾ ಕಾಡಿತು.

ಆ ನ್ಯೂರಲ್ ನೆಟ್‌ವರ್ಕಿಗೆ ತರಬೇತಿ ಕೊಡುವುದು ಹೀಗೆ. ಶುದ್ಧ ಮಾತಿನ ರೆಕಾರ್ಡಿಂಗಿಗೆ ಗದ್ದಲ ಬೆರೆಸಿ ಕೊಡುತ್ತಾರೆ. ಅದು ಮಾತನ್ನು ಬೇರೆ ಮಾಡಿ ಕೊಡಬೇಕು. ತಪ್ಪಿದರೆ ತಿದ್ದುತ್ತಾರೆ. ಲಕ್ಷಗಟ್ಟಲೆ ಸಲ. ಮಕ್ಕಳಿಗೆ ಮಾದರಿ ಲೆಕ್ಕ ಮಾಡಿಸಿದ ಹಾಗೆಯೇ. ಕಲಿತ ಮೇಲೆ ಚಿಪ್‌ನೊಳಗೆ ಇಡುತ್ತಾರೆ. ಸದ್ದು ಒಳಗೆ ಹೋಗಿ ಹೊರಗೆ ಬರುವುದು ಹೆಚ್ಚೆಂದರೆ ಹತ್ತು ಮಿಲಿಸೆಕೆಂಡಿನ ಒಳಗೆ ಆಗಬೇಕು, ಜಾಸ್ತಿ ಆದರೆ ನೇರವಾಗಿ ಕಿವಿಗೆ ಬರುವ ಸದ್ದೂ ಸಾಧನದಿಂದ ಬರುವ ಸದ್ದೂ ಹೊಂದದೆ, ನಮ್ಮ ದನಿಯೇ ಪ್ರತಿಧ್ವನಿಯ ಹಾಗೆ ಕೇಳುತ್ತದೆ. ಹಾಗಾಗಿ ಇಂಟರ್ನೆಟ್ಟಿಗೆ ಕಳಿಸಿ ಕೇಳುವಷ್ಟು ಹೊತ್ತಿಲ್ಲ, ಕಿವಿಯ ಹಿಂದೆಯೇ ತೀರ್ಮಾನ ಆಗಬೇಕು. ಫ್ಯಾನಿನ ಸದ್ದನ್ನು ಗದ್ದಲ ಅನ್ನುವುದು ಸುಲಭ. ಇಬ್ಬರು ಮಾತಾಡುತ್ತಿದ್ದರೆ? ಎರಡೂ ಮಾತೇ. ನನಗೆ ಯಾವುದು ಬೇಕು ಅಂತ ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೆ ಹಲವು ಸಾಧನಗಳು ಒಂದು ಊಹೆ ಮಾಡುತ್ತವೆ, ಮುಖ ಎತ್ತ ಇದೆಯೋ ಅತ್ತಲಿನವರ ಮಾತು ಬೇಕಾದದ್ದು ಅಂತ. ಎರಡು ಮೈಕ್ ಸೇರಿ ಮುಂದಿನ ಸದ್ದನ್ನು ಎತ್ತಿ, ಹಿಂದಿನದನ್ನು ತಗ್ಗಿಸುತ್ತವೆ.

ಒಬ್ಬರೆದುರು ಒಬ್ಬರು ಕೂತು ಹರಟುವಾಗ ಆ ಊಹೆ ಸರಿ. ನಾನೋ ಬೋರ್ಡಿನ ಕಡೆ ಮುಖ ಮಾಡಿ ನಿಲ್ಲುವವಳು. ನನ್ನ ಮುಂದೆ ಇರುವುದು ಗೋಡೆ. ನನ್ನ ಬೆನ್ನ ಹಿಂದೆ ಇರುವುದು ನಲವತ್ತು ಮಕ್ಕಳು. ಅವರ ಪ್ರಶ್ನೆಗಳನ್ನು ನನ್ನ ಕಿವಿಯ ಯಂತ್ರ ಗದ್ದಲದ ಲೆಕ್ಕಕ್ಕೆ ಸೇರಿಸುತ್ತಿತ್ತು. ಮೊದಲು ಕೂದಲು ಕೋಶಗಳು ಇಲ್ಲದ್ದಕ್ಕೆ ಕೊನೆ ಬೆಂಚು ತಪ್ಪುತ್ತಿತ್ತು, ಈಗ ಇನ್ನೆಲ್ಲೋ ಕೂತು ಯಾರೋ ಮಾಡಿದ ಊಹೆಗೆ ತಪ್ಪುತ್ತಿದೆ. ಊಹೆ ಮಾಡಿದವರು ಕೆಟ್ಟವರಲ್ಲ. ಅವರ ಮಾದರಿಗಳಲ್ಲಿ ಬಹುಶಃ ಬೋರ್ಡಿನ ಮುಂದೆ ನಿಂತ ಟೀಚರ್ ಇರಲಿಲ್ಲ ಅಷ್ಟೇ.

ಆಡಿಯಾಲಜಿಸ್ಟ್‌ಗೆ ಬರೀ ಬಾಯಿಮಾತಿನಲ್ಲಿ ಹೇಳುವುದು ಬೇಡ, ಅಂಕಿ ತೋರಿಸೋಣ ಅನ್ನಿಸಿತು. ಆ್ಯಪ್‌ನಲ್ಲಿ ಎರಡು ಪ್ರೋಗ್ರಾಮ್ ಇದ್ದವು. ಒಂದು ಸಾಧನ ತಾನೇ ತೀರ್ಮಾನಿಸುವುದು. ಇನ್ನೊಂದು ಸುತ್ತಲಿನ ಸದ್ದನ್ನೆಲ್ಲ ಸಮವಾಗಿ ತೆಗೆದುಕೊಳ್ಳುವುದು. ಎಂಟನೇ ತರಗತಿಯ ಮಕ್ಕಳಿಗೇ ವಿಷಯ ಹೇಳಿದೆ. ಕಿವಿಯ ಸಾಧನ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ, ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸಿದೆ. ಆಮೇಲೆ ಬೋರ್ಡಿನ ಕಡೆ ತಿರುಗಿ ನಿಂತೆ. ಕೊನೆ ಎರಡು ಸಾಲಿನವರು ಒಬ್ಬೊಬ್ಬರಾಗಿ ಒಂದೊಂದು ಸಂಖ್ಯೆ ಹೇಳಬೇಕು, ಉಳಿದವರು ಪಿಸುಪಿಸು ಮಾತಾಡುತ್ತಿರಬೇಕು. ನನಗೆ ಕೇಳಿದ್ದನ್ನು ನಾನು ಬೋರ್ಡಿನ ಮೇಲೆ ಬರೆಯಬೇಕು. ಪ್ರತಿ ಪ್ರೋಗ್ರಾಮಿಗೆ 20 ಸಂಖ್ಯೆ. ಯಾವ ಸಂಖ್ಯೆ ಹೇಳಬೇಕು ಅಂತ ಮಕ್ಕಳೇ ಪಟ್ಟಿ ಮಾಡಿಕೊಂಡಿದ್ದರು. ತಾಳೆ ನೋಡುವ ಕೆಲಸವನ್ನು ಆ ಹುಡುಗಿಗೆ ಕೊಟ್ಟೆ.

ಮೊದಲನೆಯದರಲ್ಲಿ 20ಕ್ಕೆ 9 ಸರಿ. ಎರಡನೆಯದರಲ್ಲಿ 15. ಇಷ್ಟು ಸಣ್ಣ ಪರೀಕ್ಷೆಯಿಂದ ಜಗತ್ತಿಗೆಲ್ಲ ಹೊಂದುವ ತೀರ್ಮಾನ ಆಗಲ್ಲ, ಅದನ್ನೂ ಮಕ್ಕಳಿಗೆ ಹೇಳಿದೆ. ನನ್ನ ಕ್ಲಾಸಿಗೆ ಸಾಕಾಗುವಷ್ಟು ಉತ್ತರ ಅದರಲ್ಲಿತ್ತು. ಸಾಲು, ಕಾಲಂ ಹಾಕಿ ಅವರೇ ಬರೆದ ಆ ಕಾಗದವನ್ನು ಆಡಿಯಾಲಜಿಸ್ಟ್‌ಗೆ ಕೊಟ್ಟೆ. ಆಕೆ ಎರಡು ಸಲ ಓದಿದರು. ತಪ್ಪಿದ ಸಂಖ್ಯೆಗಳಲ್ಲಿ ಹೆಚ್ಚಿನವು ಯಾವ ಅಕ್ಷರಕ್ಕೆ ತಪ್ಪಿವೆ ಅಂತ ಪೆನ್ನಿನಿಂದ ಗುರುತು ಹಾಕಿದರು. 2000 ಹರ್ಟ್ಜ್ ಸುತ್ತ ಸ್ವಲ್ಪ ಎತ್ತರಿಸಿ, ಹಿಂದಿನ ಸದ್ದು ತಗ್ಗಿಸದ ಹಾಗೆ ಮೈಕ್ ಬದಲಿಸಿ, ಮೂರನೆಯ ಪ್ರೋಗ್ರಾಮ್ ಮಾಡಿಕೊಟ್ಟರು. ಹೆಸರು ಏನು ಇಡಲಿ ಅಂತ ಕೇಳಿದರು. "ಕೊನೆ ಬೆಂಚು ಅಂತ ಇಡಿ" ಅಂದೆ.

ಮರುವಾರ ಮತ್ತೆ ಅದೇ ಪರೀಕ್ಷೆ ಮಾಡಿದೆವು. ಬೋರ್ಡಿಗೆ ಮುಖ ಮಾಡಿ ನಿಂತು ಒಂದೊಂದಾಗಿ ಬರೆಯುತ್ತಾ ಹೋದೆ. ಹದಿನೇಳನೆಯ ಸಲ ಹಿಂದಿನಿಂದ ಒಂದು ತೆಳು ದನಿ ಬಂತು. ಚಾಕ್‌ಪೀಸ್ ಎತ್ತಿ 3 ಅಂತ ಬರೆದು ತಿರುಗಿ ನೋಡಿದೆ. ಅವಳು ಪಟ್ಟಿಯ ಮೇಲೆ ಆಗಲೇ ರೈಟ್ ಗುರುತು ಹಾಕುತ್ತಿದ್ದಳು.